ಅದ್ಭುತಕಥನವೂ ವ್ಯುತ್ಪತ್ತಿಯ ಮೇರೆಯೂ

ಕಣ್ಣಾರೆ ಕಂಡುದನ್ನು ಬರೆಯುವವನಿಗೆ ಕಣ್ಣೇ ಪ್ರಮಾಣ. ಹಿಂದೆ ನಡೆದುದನ್ನು ಬರೆಯುವವನಿಗೆ ಶಾಸನ, ಕಡತ, ಹಿರಿಯರ ಮಾತು ಮೊದಲಾದುವು ಪ್ರಮಾಣಗಳು. ಎಂದೂ ನಡೆಯದುದನ್ನು, ನಡೆಯಲಾರದುದನ್ನು ಬರೆಯಹೊರಟವನಿಗೆ ಪ್ರಮಾಣವಾವುದು? ಶಾಸ್ತ್ರವನ್ನು ಬಲ್ಲ ಗಿಳಿ, ಗಗನದಲ್ಲಿ ಸಂಚರಿಸುವ ವಿದ್ಯಾಧರ, ಸಂದೇಶವನ್ನು ಹೊತ್ತೊಯ್ಯುವ ಮೇಘ, ನಿಧಿಯ ಮೇಲೆ ಮಲಗಿ ಕಾಯುವ ಘಟಸರ್ಪ, ಇಂತಹವನ್ನು ವಸ್ತುವಾಗಿ ಮಾಡಿಕೊಂಡ ಕಥೆಗಾರನು ಎಷ್ಟು ಓದಿರಬೇಕು, ಎಷ್ಟನ್ನು ವಿಚಾರಿಸಿ ತಿಳಿದಿರಬೇಕು ಎಂಬ ಪ್ರಶ್ನೆ ಇಂದು ಹುಟ್ಟಿದುದಲ್ಲ. ‘ಫ್ಯಾಂಟಸಿ’ ಎಂದು ಕರೆಯಲ್ಪಡುವ ಕಥಾಪ್ರಕಾರವು ಕನ್ನಡದ ತರುಣ ಲೇಖಕರನ್ನೂ ಆಕರ್ಷಿಸುತ್ತಿರುವ ಈ ಕಾಲದಲ್ಲಿ ಅದನ್ನು ಮತ್ತೊಮ್ಮೆ ವಿಮರ್ಶಿಸುವುದು ಅಪ್ರಕೃತವಾಗಲಾರದು.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಎಲ್ಲವೂ ಕಲ್ಪನೆಯೇ ಆದ ಮೇಲೆ ಓದಿನ ಹೊರೆಯೇಕೆ, ಮನಸ್ಸಿಗೆ ತೋರಿದಂತೆ ಬರೆದರೆ ಸಾಲದೇ ಎಂಬುದು ಒಂದು ಪಕ್ಷ. ಹೊಸದೊಂದು ಲೋಕವನ್ನೇ ಸೃಷ್ಟಿಸಬೇಕಾದುದರಿಂದ ಅಲ್ಲಿಯ ನದಿ, ನಾಣ್ಯ, ನುಡಿ, ರಾಜವಂಶ, ಋತುಮಾನಗಳೆಲ್ಲ ನಿಶ್ಚಯವಾದಲ್ಲದೆ ಕಥೆಯ ಮೊದಲ ವಾಕ್ಯವನ್ನೇ ಬರೆಯಲಾಗದೆಂಬುದು ಇನ್ನೊಂದು ಪಕ್ಷ. ಮೊದಲನೆಯವರ ಕಥೆ ಹತ್ತನೆಯ ಪುಟಕ್ಕೆ ಓದುಗನ ಕೈಯಿಂದ ಜಾರುವುದು. ಎರಡನೆಯವರ ಕಥೆ ಪೆಟ್ಟಿಗೆಯಿಂದ ಹೊರಗೇ ಬರದು. ಇವೆರಡರ ನಡುವೆ ಮೇರೆಯನ್ನು ಎಲ್ಲಿ ಹಾಕಬೇಕೆಂಬುದನ್ನು ಬರಿಯ ತರ್ಕದಿಂದ ತೀರ್ಮಾನಿಸುವುದು ಕಷ್ಟ. ಸಾಹಿತ್ಯದ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳುಂಟಾದ ಕಾರಣ ಅವುಗಳ ಮೊರೆಹೋಗುವುದು ಲೇಸು.

ಮೊದಲು ಆಲಂಕಾರಿಕರ ಮಾತನ್ನು ಕೇಳಬಹುದು. ಕಾಶ್ಮೀರದ ಮಮ್ಮಟನು 11ನೆಯ ಶತಮಾನದಲ್ಲಿ ರಚಿಸಿದ ‘ಕಾವ್ಯಪ್ರಕಾಶ’ದಲ್ಲಿ ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ನಿಶ್ಚಯಿಸಿರುವನು. ನಿಪುಣತೆಯೆಂದರೆ ಲೋಕ, ಶಾಸ್ತ್ರ, ಕಾವ್ಯಗಳ ಪರಿಶೀಲನೆಯಿಂದ ಬಂದ ತಿಳಿವು. ವ್ಯುತ್ಪತ್ತಿಯೆಂಬುದು ಇದರ ಇನ್ನೊಂದು ಹೆಸರು. ಇಲ್ಲಿ ಲೋಕವೆಂಬುದು ಮೊದಲು ಬಂದಿರುವುದನ್ನು ಗಮನಿಸಬೇಕು. ಗ್ರಂಥದ ತಿಳಿವಿಗೂ ಮೊದಲು ಹೊಲ, ಹಾದಿ, ಹೊಳೆ, ಹಕ್ಕಿಗಳ ತಿಳಿವು ಕವಿಗೆ ಬೇಕು.

ಈ ತಿಳಿವು ಇಲ್ಲದೆಹೋದಾಗ ಹುಟ್ಟುವ ದೋಷವನ್ನು ಭಾಮಹನೂ ದಂಡಿಯೂ ಮಮ್ಮಟನಿಗಿಂತ ಹಲವು ಶತಮಾನಗಳ ಮುಂಚೆಯೇ ಹೆಸರಿಟ್ಟು ಕರೆದಿದ್ದರು. ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ಇವುಗಳಿಗೆ ವಿರುದ್ಧವಾಗಿ ಬರೆಯುವುದೇ ಆ ದೋಷ. ಇಂದಿನ ಕಥೆಗಾರನೊಬ್ಬನು ಬಾದಾಮಿಯ ಚಾಲುಕ್ಯರ ಅಡುಗೆಯ ಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆಯನ್ನು ಸಿಡಿಸಿದರೆ ಅದು ಕಾಲವಿರೋಧ. 1492ರಲ್ಲಿ ಅಮೆರಿಕ ಖಂಡದ ದಾರಿ ತಿಳಿದ ಮೇಲೆಯೇ ಮೆಣಸಿನಕಾಯಿ, ಹೊಗೆಸೊಪ್ಪು, ಕಡಲೆಕಾಯಿ, ಆಲೂಗಡ್ಡೆಗಳು ಸಮುದ್ರವನ್ನು ದಾಟಿ ಇತರ ಖಂಡಗಳಿಗೆ ಬಂದುವು. ಅರಮನೆಯ ಆನೆಗೆ ರೆಕ್ಕೆಯುಂಟೆಂದರೆ ತಲೆದೂಗುವ ಓದುಗನು ಅದೇ ಅರಮನೆಯ ಒಗ್ಗರಣೆಯಲ್ಲಿ ಮೆಣಸಿನಕಾಯಿಯನ್ನು ಕಂಡು ಹುಬ್ಬುಗಂಟಿಕ್ಕುವನು. ಇದು ವಿಚಿತ್ರವೆಂದು ತೋರಿದರೂ ಸಹಜವಾದುದೇ ಸರಿ. ರೆಕ್ಕೆಯ ಆನೆ ಕವಿ ಕೇಳಿಕೊಂಡ ವರ. ಮೆಣಸಿನಕಾಯಿ ಕವಿ ಮಾಡಿದ ತಪ್ಪು.

ಆದರೆ ದಂಡಿಯು ಇಷ್ಟಕ್ಕೇ ನಿಲ್ಲಲಿಲ್ಲ. ದೇಶಕಾಲಾದಿ ವಿರೋಧಗಳನ್ನೆಲ್ಲ ಎಣಿಸಿದ ತರುವಾಯ, ಇವೆಲ್ಲವೂ ಕೆಲವೊಮ್ಮೆ ಕವಿಯ ಕೌಶಲದಿಂದ ದೋಷಗಳ ಲೆಕ್ಕವನ್ನು ದಾಟಿ ಗುಣಗಳ ಬೀದಿಗೆ ಬಂದು ನಿಲ್ಲುವುವೆಂದು ಅವನು ಹೇಳಿರುವನು. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಈ ದಂಡಿಯ ‘ಕಾವ್ಯಾದರ್ಶ’ವನ್ನೇ ಬಹುಮಟ್ಟಿಗೆ ಅನುಸರಿಸಿದುದರಿಂದ ಕನ್ನಡಿಗರಿಗೆ ದಂಡಿಯ ಮತವು ಹೊರಗಿನದಲ್ಲ. ಕಾಲವಿರೋಧವು ಎಲ್ಲಿ ದೋಷ, ಎಲ್ಲಿ ಗುಣ ಎಂಬುದನ್ನು ತಿಳಿಯಲು ಕಾಳಿದಾಸನ ‘ಮೇಘದೂತ’ಕ್ಕಿಂತ ಉತ್ತಮವಾದ ಉದಾಹರಣೆ ದೊರೆಯದು.

‘ಮೇಘದೂತ’ದ ಕಥೆ ಶುದ್ಧ ಅದ್ಭುತವಾದುದು. ಶಾಪಗ್ರಸ್ತನಾದ ಯಕ್ಷನೊಬ್ಬನು ಆಷಾಢದ ಮೋಡವನ್ನು ಕಂಡು ಅದನ್ನೇ ದೂತನನ್ನಾಗಿ ಮಾಡಿಕೊಂಡು ಅಲಕಾಪುರಿಯಲ್ಲಿರುವ ಪತ್ನಿಯ ಬಳಿಗೆ ಕಳುಹಿಸುತ್ತಾನೆ. ಯಕ್ಷನೂ ಕಲ್ಪಿತ, ಅಲಕೆಯೂ ಕಲ್ಪಿತ. ಆದರೆ ಇವೆರಡರ ನಡುವಣ ದಾರಿ ಮಾತ್ರ ಕಲ್ಪಿತವಲ್ಲ. ನಾಗಪುರದ ಬಳಿಯ ರಾಮಟೇಕವೆಂದು ಅನೇಕ ವಿದ್ವಾಂಸರು ಗುರುತಿಸಿರುವ ರಾಮಗಿರಿಯಿಂದ ಹೊರಟ ಮೇಘವು ಆಮ್ರಕೂಟವನ್ನು ಕಂಡು, ವಿಂಧ್ಯದ ಬುಡದಲ್ಲಿ ಬಂಡೆಗಳ ನಡುವೆ ಸೀಳಿ ಹರಿಯುವ ರೇವಾನದಿಯನ್ನು ದಾಟಿ, ದಶಾರ್ಣದೇಶದ ವಿದಿಶೆಗೆ ಬಂದು ವೇತ್ರವತಿಯ ನೀರನ್ನು ಕುಡಿಯುತ್ತದೆ. ವಿದಿಶೆ ಇಂದಿಗೂ ಬೇತ್ವಾ ನದಿಯ ದಡದಲ್ಲಿಯೇ ಇದೆ. ಅಲ್ಲಿಂದ ಉತ್ತರಕ್ಕೆ ಹೋಗುವವನಿಗೆ ಉಜ್ಜಯಿನಿಯು ದಾರಿಯಲ್ಲಿ ಸಿಕ್ಕುವುದಿಲ್ಲ. ಅದಕ್ಕಾಗಿ ಪಶ್ಚಿಮಕ್ಕೆ ತಿರುಗಬೇಕು. ದಾರಿ ಸುತ್ತಾದರೂ ಉಜ್ಜಯಿನಿಯನ್ನು ನೋಡದೆ ಹೋಗಬೇಡವೆಂದು ಯಕ್ಷನ ಬಾಯಿಂದಲೇ ಕವಿ ಹೇಳಿಸಿರುವನು. ಸುತ್ತನ್ನು ಸುತ್ತೆಂದು ಒಪ್ಪಿಕೊಳ್ಳುವ ಈ ಒಂದು ಮಾತಿನಿಂದ, ಕವಿಗೆ ದಿಕ್ಕು ತಿಳಿದಿತ್ತೆಂಬ ನಂಬಿಕೆ ಓದುಗನಲ್ಲಿ ನೆಲೆಗೊಳ್ಳುವುದು. ಬಳಿಕ ಶಿಪ್ರಾ, ಗಂಭೀರಾ, ಚರ್ಮಣ್ವತೀ, ದಶಪುರ, ಕುರುಕ್ಷೇತ್ರ, ಕನಖಲಗಳನ್ನು ಕಳೆದು ಮೇಘವು ಹಿಮಾಲಯವನ್ನು ಸೇರುತ್ತದೆ.

ಭೂಗೋಳದಂತೆಯೇ ಋತುಧರ್ಮವೂ ಇಲ್ಲಿ ಪಾಲಿತವಾಗಿದೆ. ಮಳೆಗಾಲದ ಮೊದಲಲ್ಲಿ ಅರಳುವ ಕುಟಜ, ಮಾಗುವ ನೇರಿಳೆ, ದಶಾರ್ಣದ ತೋಟಗಳ ಬೇಲಿಯಲ್ಲಿ ಬಿರಿಯುವ ಕೇದಗೆ, ನೆಲವನ್ನು ಒಡೆದು ಬರುವ ಅಣಬೆ, ಮೋಡದ ಕೆಳಗೆ ಸಾಲುಗಟ್ಟುವ ಬೆಳ್ಳಕ್ಕಿ, ಇವೆಲ್ಲ ತಮ್ಮ ತಮ್ಮ ವೇಳೆಗೆ ಸರಿಯಾಗಿ ಬರುತ್ತವೆ. ಪೂರ್ವಮೇಘದಲ್ಲಿ ಶರತ್ಕಾಲದ ಹೂವನ್ನು ಮಳೆಗಾಲಕ್ಕೆ ತಂದು ಮುಡಿಸುವ ಅನವಧಾನ ಕಾಣುವುದಿಲ್ಲ.

ಹೀಗೆ ನಡೆದುಬಂದ ಕವಿ ಅಲಕೆಯ ಬಾಗಿಲನ್ನು ದಾಟಿದೊಡನೆಯೇ ಮಾಡುವ ಕೆಲಸವು ಸ್ವಾರಸ್ಯವಾದುದು. ಅಲ್ಲಿಯ ಹೆಂಗಳೆಯರ ಕೈಯಲ್ಲಿ ಶರತ್ತಿನ ಕಮಲ, ಕುರುಳಿನಲ್ಲಿ ಹೇಮಂತದ ಕುಂದ, ಮುಖದಲ್ಲಿ ಶಿಶಿರದ ಲೋಧ್ರಪರಾಗ, ತುರುಬಿನಲ್ಲಿ ವಸಂತದ ಕುರವಕ, ಕಿವಿಯಲ್ಲಿ ಗ್ರೀಷ್ಮದ ಶಿರೀಷ, ಬೈತಲೆಯಲ್ಲಿ ವರ್ಷಾಕಾಲದ ನೀಪ. ಆರು ಋತುಗಳೂ ಏಕಕಾಲದಲ್ಲಿ ನೆರೆದಿವೆ. ಇದಕ್ಕಿಂತ ದೊಡ್ಡ ಕಾಲವಿರೋಧವುಂಟೆ? ಆದರೂ ಇದು ದೋಷವಲ್ಲ. ಅಲಕೆಯು ಮರ್ತ್ಯಲೋಕವಲ್ಲವೆಂಬುದನ್ನು ಒಂದೇ ಪದ್ಯದಲ್ಲಿ ಸ್ಥಾಪಿಸುವ ಗುಣ. ಯಾವ ಹೂವು ಯಾವ ಋತುವಿನದೆಂದು ಬಲ್ಲವನು ಮಾತ್ರ ಋತುವಿಗೊಂದರಂತೆ ಆರು ಹೂಗಳನ್ನು ಆರಿಸಬಲ್ಲನು. ಅರಿಯದವನು ಹೂಗಳ ಹೆಸರನ್ನು ಪೇರಿಸಿದ್ದರೆ ಎರಡು ವಸಂತದವೂ ಮೂರು ಮಳೆಗಾಲದವೂ ಆಗಿ ಅದ್ಭುತವೇ ಹುಟ್ಟುತ್ತಿರಲಿಲ್ಲ. ದಂಡಿಯ ಮಾತಿನ ತಾತ್ಪರ್ಯವನ್ನು ಇಲ್ಲಿ ಕಾಣಬಹುದು. ನಿಯಮವನ್ನು ತಿಳಿಯದೆ ಮುರಿದರೆ ದೋಷ, ತಿಳಿದು ಮೀರಿದರೆ ಗುಣ.

ಕವಿಯು ಏನನ್ನು ವಿಚಾರಿಸಲಿಲ್ಲವೆಂಬುದೂ ಅಷ್ಟೇ ಮುಖ್ಯವಾದುದು. ಮೋಡಕ್ಕೆ ಕಿವಿಯೆಲ್ಲಿ, ಬಾಯೆಲ್ಲಿ, ಅದು ಸಂದೇಶವನ್ನು ನೆನಪಿಡುವುದು ಹೇಗೆ ಎಂಬ ಚರ್ಚೆಗೆ ಅವನು ಇಳಿಯಲಿಲ್ಲ. ಮೇಘವೆಂಬುದು ಹೊಗೆ, ಬೆಳಕು, ನೀರು, ಗಾಳಿಗಳ ಕೂಟವಷ್ಟೆ ಎಂಬುದನ್ನು ಮೊದಲಲ್ಲಿಯೇ ಒಪ್ಪಿಕೊಂಡು, ವಿರಹದಿಂದ ನೊಂದವರಿಗೆ ಚೇತನಾಚೇತನಗಳ ಭೇದ ತೋರದೆಂಬ ಒಂದು ಸಮಾಧಾನವನ್ನು ಕೊಟ್ಟು ಮುಂದೆ ನಡೆದನು. ಮೋಡ, ಗಾಳಿ, ಚಂದ್ರ ಮೊದಲಾದವನ್ನು ದೂತರನ್ನಾಗಿ ಮಾಡುವುದು ಯುಕ್ತಿಗೆ ಹೊಂದದೆಂದು ಆಕ್ಷೇಪಿಸಿದ ಭಾಮಹನೂ, ಮಾತನಾಡುವವನು ಉತ್ಕಂಠೆಯಿಂದ ಉನ್ಮತ್ತನಂತಿದ್ದರೆ ಆಗಬಹುದೆಂದು ವಿನಾಯಿತಿಯನ್ನು ಕೊಟ್ಟಿರುವನು. ದಾರಿಗೆ ಅರ್ಧ ಕಾವ್ಯ, ಮೋಡದ ಮಾತಿಗೆ ಒಂದು ಪದ್ಯ, ಇದು ಕಾಳಿದಾಸನು ಹಾಕಿದ ಮೇರೆ.

ಈ ಕಾವ್ಯದ ವಾಚಕರು ಲೆಕ್ಕ ಹಾಕದೆ ಬಿಡಲಿಲ್ಲವೆಂಬುದೂ ಸ್ಮರಣೀಯ. ಯಕ್ಷನು ಮೇಘವನ್ನು ಕಂಡುದು ಆಷಾಢದ ಮೊದಲ ದಿನ. ಶಾಪಕ್ಕೆ ಉಳಿದುದು ನಾಲ್ಕು ತಿಂಗಳು. ಶಾಪದ ಕೊನೆ ವಿಷ್ಣುವು ಯೋಗನಿದ್ರೆಯಿಂದೇಳುವ ಕಾರ್ತಿಕ ಶುದ್ಧ ಏಕಾದಶಿ. ಎಣಿಸಿ ನೋಡಿದರೆ ಹತ್ತು ದಿನ ಹೆಚ್ಚಾಗುತ್ತದೆ. ಇದೇ ಪದ್ಯದಲ್ಲಿ ‘ಪ್ರಥಮ’ ಎಂಬುದರ ಬದಲು ‘ಪ್ರಶಮ’ ಎಂಬ ಪಾಠವನ್ನು ಹಿಡಿದವರಲ್ಲಿ ಕಾಶ್ಮೀರದ ವಲ್ಲಭದೇವನೊಬ್ಬನು. ‘ಪ್ರಥಮ’ವೇ ಸರಿಯೆಂದು ಸಾಧಿಸಿದವನು ಮಲ್ಲಿನಾಥನು. ಕಲ್ಪಿತ ಯಕ್ಷನ ಶಾಪದ ಹತ್ತು ದಿನಗಳಿಗಾಗಿ ಇಷ್ಟು ವಾದ! ಆದರೆ ಆ ಹತ್ತು ದಿನಗಳಿಂದ ಕಾವ್ಯವು ಕೆಟ್ಟಿತೆಂದು ರಸಿಕರು ಅದನ್ನು ಕೆಳಗಿಟ್ಟುದಿಲ್ಲ.

ಕಾಳಿದಾಸನು ಎಷ್ಟು ಸಿದ್ಧತೆ ನಡೆಸಿದನು, ಎಲ್ಲಿ ತಡವರಿಸಿದನು, ಏನನ್ನು ಹೊಡೆದುಹಾಕಿದನು ಎಂಬುದಕ್ಕೆ ಕಾವ್ಯವನ್ನು ಬಿಟ್ಟು ಬೇರೆ ಸಾಕ್ಷಿಯಿಲ್ಲ. ಕಥೆಗಾರನ ಕೈಬರಹ, ತಿದ್ದುಪಡಿ, ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರೀಕ್ಷಿಸಬೇಕಾದರೆ ಕಾಲದಲ್ಲಿ 20ನೆಯ ಶತಮಾನಕ್ಕೂ ದೇಶದಲ್ಲಿ ಇಂಗ್ಲೆಂಡಿಗೂ ಬರಬೇಕು. ಅಲ್ಲಿಯ ಜಾನ್ ರೊನಾಲ್ಡ್ ರೂಯೆಲ್ ಟೋಲ್ಕೀನ್ ಮಹಾಶಯರ ಜೀವಿತದಲ್ಲಿ ಪರಿಶ್ರಮದ ಫಲವೂ ಅತಿಪರಿಶ್ರಮದ ಫಲವೂ ಒಟ್ಟಿಗೆ ಕಂಡುಬರುತ್ತವೆ.

ಟೋಲ್ಕೀನರು 1892ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನಿನಲ್ಲಿ ಜನಿಸಿದರು. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದ ಮೇಲೆ 1919 ಮತ್ತು 1920ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಾರ್ಯಾಲಯದಲ್ಲಿ ಶಬ್ದಗಳ ವ್ಯುತ್ಪತ್ತಿಯನ್ನು ಹುಡುಕುವ ಕೆಲಸದಲ್ಲಿದ್ದು, 1925ರಿಂದ 1959ರ ವರೆಗೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಪ್ರಾಚೀನ ಇಂಗ್ಲಿಷ್ ಭಾಷಾಸಾಹಿತ್ಯಗಳೇ ಅವರ ಕ್ಷೇತ್ರ. 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಎಂಬ ಮಕ್ಕಳ ಕಥೆಯೂ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕಥೆಯೂ ಅವರ ಕೀರ್ತಿಗೆ ಆಧಾರ. ಲೋಕಕಂಟಕವಾದ ಒಂದು ಉಂಗುರವನ್ನು ಬೆಂಕಿಯ ಬೆಟ್ಟದಲ್ಲಿ ಹಾಕಿ ನಾಶಮಾಡಲು ‘ಹಾಬಿಟ್’ ಎಂಬ ಕುಳ್ಳರ ಕುಲದವನೊಬ್ಬನು ನಡೆಸಿದ ಯಾತ್ರೆಯೇ ಎರಡನೆಯದರ ವಸ್ತು.

1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಉಪನ್ಯಾಸವೊಂದರಿಂದ ಬೆಳೆದ ಪ್ರಬಂಧದಲ್ಲಿ ಅವರು ತಮ್ಮ ಸಿದ್ಧಾಂತವನ್ನು ವಿವರಿಸಿರುವರು. ಹಸುರು ಸೂರ್ಯನೆಂದು ಬಾಯಲ್ಲಿ ಹೇಳುವುದು ಯಾರಿಗೂ ಸುಲಭ. ಹಸುರು ಸೂರ್ಯನು ಸಹಜನೆಂದು ತೋರುವಂತಹ ಲೋಕವನ್ನು ಕಟ್ಟುವುದು ಶ್ರಮಸಾಧ್ಯ ಎಂಬುದು ಅದರ ಸಾರ. ನುಡಿದಂತೆಯೇ ಅವರು ನಡೆದರು. ಮೊದಲು ನಕ್ಷೆಯನ್ನು ಬರೆದುಕೊಂಡು ಕಥೆಯನ್ನು ಅದಕ್ಕೆ ಹೊಂದಿಸಿದುದಾಗಿ ಪತ್ರವೊಂದರಲ್ಲಿ ತಿಳಿಸಿರುವರು.

1944ರ ಮೇ ತಿಂಗಳಿನ ಪ್ರಸಂಗವೊಂದು ಹೇಳತಕ್ಕದ್ದಾಗಿದೆ. ಆಗ ಎರಡನೆಯ ಮಹಾಯುದ್ಧದ ಕಾಲ. ಅವರ ಮಗ ಕ್ರಿಸ್ಟೋಫರರು ವಾಯುಸೇನೆಯ ಶಿಕ್ಷಣಕ್ಕಾಗಿ ದಕ್ಷಿಣ ಆಫ್ರಿಕದಲ್ಲಿದ್ದರು. ತಂದೆ ಬರೆದ ಕಥೆಯ ಸುದ್ದಿ ಅಂಚೆಯ ಮೂಲಕ ಅವರಿಗೆ ಹೋಗುತ್ತಿತ್ತು. ಕಥೆಯಲ್ಲಿ ಒಟ್ಟಿಗೆ ಹೊರಟ ಯಾತ್ರಿಕರು ಬೇರೆ ಬೇರೆಯಾಗಿ ಬೇರೆ ಬೇರೆ ಸೀಮೆಗಳಲ್ಲಿ ನಡೆಯುತ್ತಿದ್ದಾರೆ. ಅವರೆಲ್ಲರ ಮೇಲೂ ಇರುವವನು ಒಬ್ಬನೇ ಚಂದ್ರನಷ್ಟೆ. ಆದರೆ ಬರೆದುದನ್ನು ಹೋಲಿಸಿ ನೋಡಿದಾಗ, ಒಂದು ಕಡೆ ಚಂದ್ರನು ಉದಯಿಸುತ್ತಿರುವಾಗಲೇ ಇನ್ನೊಂದು ಕಡೆ ಅಸ್ತಮಿಸುತ್ತಿರುವುದು ಕಂಡುಬಂದಿತು. ಹಿಂದಿನ ಅಧ್ಯಾಯಗಳ ಭಾಗಗಳನ್ನು ತಿದ್ದುವುದರಲ್ಲಿ ಅವರ ಒಂದು ಮಧ್ಯಾಹ್ನವೆಲ್ಲ ಕಳೆಯಿತು. ಅಂತಿಮವಾಗಿ ಕಥೆಯ ಚಂದ್ರನ ವೃದ್ಧಿಕ್ಷಯಗಳನ್ನು 1941 ಮತ್ತು 1942ನೆಯ ವರ್ಷಗಳ ನಿಜವಾದ ಚಂದ್ರನಿಗೆ ಅನುಗುಣವಾಗಿ ಗೊತ್ತುಮಾಡಿದರು. ಓದುಗರಲ್ಲಿ ಬಹು ಮಂದಿ ಇದನ್ನು ಎಣಿಸಿ ನೋಡರು. ಆದರೂ ರಾತ್ರಿಯಾದಾಗ ರಾತ್ರಿ ಎಲ್ಲರಿಗೂ ಒಂದೇ ಎಂಬ ಭದ್ರತೆ ಆ ಕಥೆಯನ್ನು ಓದುವವರಿಗೆ ಉಂಟಾಗುವುದು. ಈ ಶ್ರಮ ಸಾರ್ಥಕ.

ಮೆಣಸಿನಕಾಯಿಯ ಪ್ರಸಂಗಕ್ಕೆ ಸಮನಾದುದೂ ಇಲ್ಲಿ ಉಂಟು. ‘ದಿ ಹಾಬಿಟ್’ನ ಮೊದಲ ಮುದ್ರಣದಲ್ಲಿ ಅತಿಥಿಯೊಬ್ಬನು ಊಟಕ್ಕೆ ಟೊಮೇಟೊವನ್ನು ಕೇಳುತ್ತಾನೆ. ಪ್ರಾಚೀನ ಯೂರೋಪನ್ನು ಹೋಲುವ ಲೋಕದಲ್ಲಿ ಅಮೆರಿಕದ ಈ ಹಣ್ಣು ಸಲ್ಲದೆಂದು 1966ರ ಪರಿಷ್ಕರಣದಲ್ಲಿ ಅದನ್ನು ತೆಗೆದು ಉಪ್ಪಿನಕಾಯಿಯನ್ನು ಹಾಕಲಾಯಿತು. ಹಾಬಿಟ್ಟರು ಇಷ್ಟಪಟ್ಟು ಸೇದುವ ಹೊಗೆಸೊಪ್ಪೂ ಪ್ರೀತಿಯಿಂದ ಬೇಯಿಸಲು ಬಯಸುವ ಆಲೂಗಡ್ಡೆಯೂ ಅಮೆರಿಕದವೇ. ಆದರೆ ಅವು ಉಳಿದುಕೊಂಡುವು. ಪಾತ್ರಗಳ ಸ್ವಭಾವದಲ್ಲಿ ಬೇರುಬಿಟ್ಟ ಅವುಗಳನ್ನು ಕಿತ್ತರೆ ಹಾಬಿಟ್ಟನು ಹಾಬಿಟ್ಟನಾಗಿ ಉಳಿಯುತ್ತಿರಲಿಲ್ಲ. ಟೊಮೇಟೊ ಹೋದರೆ ನಷ್ಟವಿರಲಿಲ್ಲ, ಹೋಯಿತು. ತಿದ್ದುವವನು ತೂಗಿ ನೋಡಬೇಕಾದ ತಕ್ಕಡಿ ಇದೇ.

ಈ ತಕ್ಕಡಿ ಕೈತಪ್ಪಿದ ಸಂದರ್ಭಗಳೂ ಉಂಟು. 1960ರಲ್ಲಿ ಟೋಲ್ಕೀನರು ‘ದಿ ಹಾಬಿಟ್’ನ್ನು ಮೊದಲಿನಿಂದ ಪುನಃ ಬರೆಯತೊಡಗಿದರು. ದಾರಿಯ ದೂರ, ದಿನಗಳ ಲೆಕ್ಕ, ಚಂದ್ರನ ಗತಿ ಎಲ್ಲವೂ ದೊಡ್ಡ ಕಥೆಗೆ ಹೊಂದಬೇಕೆಂಬುದು ಅವರ ಇಚ್ಛೆ. ಕೆಲವು ಅಧ್ಯಾಯಗಳಾದ ಮೇಲೆ ಓದಿದವರೊಬ್ಬರು, ಬರೆದುದು ಸೊಗಸಾಗಿದೆ, ಆದರೆ ಇದು ಆ ಕಥೆಯಲ್ಲ ಎಂಬರ್ಥದ ಅಭಿಪ್ರಾಯವನ್ನು ಕೊಟ್ಟರೆಂದೂ ಅಲ್ಲಿಗೇ ಆ ಕೆಲಸ ನಿಂತಿತೆಂದೂ ತಿಳಿದುಬರುತ್ತದೆ. ಲೆಕ್ಕ ಸರಿಹೋದಷ್ಟೂ ಕಥೆಯ ನಗೆ ಮಾಯವಾಗಿತ್ತು.

ಇದಕ್ಕಿಂತಲೂ ಶೋಚನೀಯವಾದುದು ‘ಸಿಲ್ಮರಿಲಿಯನ್’ ಎಂಬ ಗ್ರಂಥದ ವೃತ್ತಾಂತ. 1916 ಮತ್ತು 1917ರ ಸುಮಾರಿನಲ್ಲಿ, ಯುದ್ಧದಿಂದ ಅಸ್ವಸ್ಥರಾಗಿ ಮರಳಿದ ಟೋಲ್ಕೀನರು ಆರಂಭಿಸಿದ ಸೃಷ್ಟಿಪುರಾಣವೇ ಇದರ ಮೂಲ. ಅದರ ಪ್ರಕಾರ ಭೂಮಿಯು ಆದಿಯಲ್ಲಿ ಚಪ್ಪಟೆಯಾಗಿತ್ತು. ಬೆಳಕನ್ನು ಸುರಿಸುವ ಎರಡು ದಿವ್ಯವೃಕ್ಷಗಳಿದ್ದುವು. ಅವು ವಿಷದಿಂದ ಸಾಯುವಾಗ ಒಂದರ ಕೊನೆಯ ಹೂವು ಚಂದ್ರನೂ ಇನ್ನೊಂದರ ಕೊನೆಯ ಹಣ್ಣು ಸೂರ್ಯನೂ ಆದುವು. ಕಲ್ಪನೆಯ ದೃಷ್ಟಿಯಿಂದ ಇದು ಅತ್ಯಂತ ರಮಣೀಯವಾದುದು. ಆದರೆ ವಯಸ್ಸಾದಂತೆ ಕರ್ತೃವಿಗೇ ಸಂಶಯ ಹುಟ್ಟಿತು. ಭೂಮಿ ಗುಂಡಗಿರುವುದನ್ನೂ ಸೂರ್ಯನು ಭೂಮಿಗಿಂತ ಹಿರಿಯನೆಂಬುದನ್ನೂ ಬಲ್ಲ ಇಂದಿನ ಓದುಗರು ಇದನ್ನು ಹೇಗೆ ನಂಬಿಯಾರು? ದೇವತೆಗಳಿಂದಲೇ ವಿದ್ಯೆ ಕಲಿತ ಕಥೆಯ ಜ್ಞಾನಿಗಳಿಗೆ ಈ ಸತ್ಯ ತಿಳಿಯದೆ ಹೋಗುವುದೆಂತು? 1940ರ ದಶಕದ ಕೊನೆಯಲ್ಲಿ ಗುಂಡು ಭೂಮಿಗೆ ಹೊಂದುವ ಪಾಠವೊಂದನ್ನು ಬರೆದು ಸ್ನೇಹಿತೆಯೊಬ್ಬರಿಗೆ ತೋರಿಸಿದಾಗ ಅವರು ಚಪ್ಪಟೆ ಭೂಮಿಯ ಕಥೆಯನ್ನೇ ಮೆಚ್ಚಿದರು. ಆದರೂ ಸಂಶಯವು ಅಡಗಲಿಲ್ಲ. 1950ರ ದಶಕದ ಉತ್ತರಾರ್ಧದಲ್ಲಿ ಖಗೋಳಶಾಸ್ತ್ರಕ್ಕೆ ಹೊಂದುವಂತೆ ಪುರಾಣವನ್ನೆಲ್ಲ ಅಡಿಪಾಯದಿಂದ ಬದಲಿಸಲು ಅವರು ಟಿಪ್ಪಣಿಯ ಮೇಲೆ ಟಿಪ್ಪಣಿಯನ್ನು ಬರೆದರು. ಸೂರ್ಯನು ಮೊದಲೇ ಇದ್ದರೆ ವೃಕ್ಷಗಳ ಬೆಳಕಿಗೆ ಬೆಲೆಯೇನು? ವೃಕ್ಷಗಳಿಗೆ ಬೆಲೆಯಿಲ್ಲವಾದರೆ ಅವುಗಳ ಬೆಳಕಿಗಾಗಿ ನಡೆದ ಯುದ್ಧಗಳ ಕಥೆಗೆ ಆಧಾರವೇನು? ಒಂದು ಕಲ್ಲನ್ನು ಸರಿಸಿದರೆ ಮೇಲಿನ ಗೋಪುರವೇ ಅಲುಗಿತು. 1973ರಲ್ಲಿ ಅವರು ತೀರಿಕೊಂಡಾಗ ಗ್ರಂಥವು ಅಪೂರ್ಣವಾಗಿಯೇ ಉಳಿದಿತ್ತು.

ಮಗ ಕ್ರಿಸ್ಟೋಫರರು ಹಸ್ತಪ್ರತಿಗಳನ್ನು ಪರಿಷ್ಕರಿಸಿ 1977ರಲ್ಲಿ ‘ಸಿಲ್ಮರಿಲಿಯನ್’ನ್ನು ಪ್ರಕಟಿಸಿದರು. ಅದರಲ್ಲಿ ಅಚ್ಚಾದುದು ಚಪ್ಪಟೆ ಭೂಮಿಯ, ಹೂವು ಹಣ್ಣುಗಳಿಂದ ಸೂರ್ಯಚಂದ್ರರು ಹುಟ್ಟಿದ ಹಳೆಯ ಕಥೆಯೇ. ಅದನ್ನು ಖಗೋಳಶಾಸ್ತ್ರದೊಡನೆ ಹೋಲಿಸಿ ಓದುಗರು ತಿರಸ್ಕರಿಸಲಿಲ್ಲ. ತಂದೆಯ ಸಂಶಯದ ಟಿಪ್ಪಣಿಗಳು 1993ರಲ್ಲಿ ಬೇರೊಂದು ಸಂಪುಟದಲ್ಲಿ ಪ್ರಕಟವಾದುವು.

ಈ ವೃತ್ತಾಂತವನ್ನು ಓದುವ ಸಂಸ್ಕೃತಾಭ್ಯಾಸಿಗಳಿಗೆ ಬಾಣಭಟ್ಟನ ನೆನಪಾಗದಿರದು. ಹರ್ಷನ ಆಸ್ಥಾನದ ಬಾಣನು ಶಾಸ್ತ್ರವನ್ನು ಬಲ್ಲ ಗಿಳಿಯ ಬಾಯಿಂದ ‘ಕಾದಂಬರಿ’ಯನ್ನು ಹೇಳಿಸತೊಡಗಿ, ಮುಗಿಸುವ ಮೊದಲೇ ಕಾಲವಶನಾದನು, ಉತ್ತರಭಾಗವನ್ನು ಬರೆದು ಪೂರ್ತಿಗೊಳಿಸಿದವನು ಅವನ ಮಗನು. ಆ ಪೂರ್ಣವಾದ ಕಥೆಯೇ 10ನೆಯ ಶತಮಾನದ ಕೊನೆಯಲ್ಲಿ ನಾಗವರ್ಮನಿಂದ ಕನ್ನಡಕ್ಕೂ ಬಂದಿತು. ಎರಡು ಕಡೆಯೂ ತಂದೆಯ ಅದ್ಭುತವನ್ನು ದಡ ಸೇರಿಸಿದವನು ಮಗನೇ. ಆದರೆ ಭೇದವೊಂದುಂಟು. ಬಾಣನ ಲೇಖನಿಯನ್ನು ತಡೆದುದು ಮೃತ್ಯು. ಟೋಲ್ಕೀನರ ಲೇಖನಿಯನ್ನು ಮೃತ್ಯುವಿಗಿಂತ ಹಲವು ವರ್ಷ ಮುಂಚೆಯೇ ತಡೆಯತೊಡಗಿದುದು ಸಂಶಯ.

ಹಾಗಾದರೆ ಒಬ್ಬರೇ ಮಹಾಶಯರಲ್ಲಿ ಚಂದ್ರನ ಲೆಕ್ಕವು ಕಥೆಯನ್ನು ಉಳಿಸಿತು, ಸೂರ್ಯನ ಲೆಕ್ಕವು ಕಥೆಯನ್ನು ಕಟ್ಟಿಹಾಕಿತು, ಇದಕ್ಕೆ ಕಾರಣವೇನು? ಯಾತ್ರಿಕರ ಮೇಲಣ ಚಂದ್ರನು ಆ ಕಥೆಯ ಅದ್ಭುತವಲ್ಲ. ಅವನು ಓದುಗನು ದಿನವೂ ಕಾಣುವ ಚಂದ್ರನೇ ಆದುದರಿಂದ ಅಲ್ಲಿ ಸುಳ್ಳು ಸಲ್ಲದು. ಹಣ್ಣಿನಿಂದ ಹುಟ್ಟಿದ ಸೂರ್ಯನಾದರೋ ಕವಿ ಬೇಡಿಕೊಂಡ ವರ, ಕಥೆಯ ಮೂಲಬೀಜ. ಬೀಜವು ಜೀವಂತವಾಗಿದೆಯೆ ಎಂದು ನೋಡಲು ಅದನ್ನು ಸೀಳಿದರೆ ಮೊಳಕೆ ಬಾರದು. ಕಾಳಿದಾಸನು ಮೇಘದ ದಾರಿಯನ್ನು ಅಳೆದನು, ಮೇಘದ ಕಿವಿಯನ್ನು ಹುಡುಕಲಿಲ್ಲ.

10ನೆಯ ಶತಮಾನದ ಸುಮಾರಿನ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ದೇಶವಿಭಾಗಕ್ಕೆ ಒಂದು ಅಧ್ಯಾಯವನ್ನೂ ಕಾಲವಿಭಾಗಕ್ಕೆ ಒಂದು ಅಧ್ಯಾಯವನ್ನೂ ಮೀಸಲಿಟ್ಟಿರುವನು. ಅವೆರಡಕ್ಕೂ ಮೊದಲು ಕವಿಸಮಯಗಳಿಗೆ, ಎಂದರೆ ಲೋಕದಲ್ಲಿಲ್ಲದಿದ್ದರೂ ಕವಿಗಳಿಗೆ ಸಲ್ಲುವ ಕಲ್ಪನೆಗಳಿಗೆ, ಮೂರು ಅಧ್ಯಾಯಗಳನ್ನು ಕೊಟ್ಟಿರುವನು. ಕೀರ್ತಿಗೆ ಬಿಳಿಯ ಬಣ್ಣವುಂಟೆ, ಚಕೋರವು ಬೆಳದಿಂಗಳನ್ನು ಕುಡಿಯುವುದೆ ಎಂದು ಅಲ್ಲಿ ಯಾರೂ ಕೇಳಬಾರದು. ನಿಜವೆಂದು ತಿಳಿಯತಕ್ಕುದೂ ಸುಳ್ಳೆಂದು ತಿಳಿದೂ ಕಾಪಾಡತಕ್ಕುದೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ.

ಅದ್ಭುತಕಥೆಯನ್ನು ಬರೆಯಹೊರಟ ತರುಣನಿಗೆ ಇದಕ್ಕಿಂತ ಬೇರೆ ಉಪದೇಶ ಬೇಕಾಗಿಲ್ಲ. ಓದುಗನು ತನ್ನ ಕಾಲಿನಿಂದ ಮೆಟ್ಟಿ, ಕಣ್ಣಿನಿಂದ ಕಂಡು, ನಾಲಗೆಯಿಂದ ಸವಿದು ಬಲ್ಲ ವಿಷಯಗಳಲ್ಲಿ ಎಷ್ಟು ವಿಚಾರಿಸಿದರೂ ಹೆಚ್ಚಲ್ಲ. ಗಾಡಿಯು ದಿನಕ್ಕೆ ಎಷ್ಟು ಹರದಾರಿ ಹೋಗುವುದು, ಆ ತಿಂಗಳಿನಲ್ಲಿ ಯಾವ ಬೆಳೆ ಹೊಲದಲ್ಲಿರುವುದು, ಆ ಕಾಲದ ಅಡುಗೆಯಲ್ಲಿ ಖಾರಕ್ಕೆ ಏನನ್ನು ಹಾಕುತ್ತಿದ್ದರು, ಇವುಗಳನ್ನು ತಿಳಿದೇ ಬರೆಯಬೇಕು. ತಿಳಿದುದನ್ನೆಲ್ಲ ಬರೆಯಬೇಕೆಂಬ ನಿಯಮವಿಲ್ಲ. ಆದರೆ ಯಾವ ಒಂದು ಅಸಂಭವವು ಮನಸ್ಸಿನಲ್ಲಿ ಹೊಳೆದು ಕಥೆಯನ್ನು ಬರೆಯುವಂತೆ ಪ್ರೇರಿಸಿತೋ ಅದರ ಮುಂದೆ ಪುಸ್ತಕಗಳನ್ನು ಮುಚ್ಚಿಡಬೇಕು. ಹೊರಡುವ ಮೊದಲು ದಾರಿಯನ್ನು ಕೇಳಿ ತಿಳಿದುಕೊಳ್ಳುವುದು ವಿವೇಕ. ದಾರಿಯನ್ನು ಕೇಳುತ್ತಲೇ ಆಷಾಢವನ್ನು ಕಳೆದುಬಿಟ್ಟರೆ ಮೇಘವು ಅಲಕೆಯನ್ನು ಸೇರುವುದು ಯಾವಾಗ?